ಕಂಟೋನ್ಮೆಂಟಿನಾಚೆಯ ಕ್ರಿಸ್‌ಮಸ್

ಬೆಂಗಳೂರಿನ ಕ್ರಿಸ್‌ಮಸ್ ಎಂದರೆ ಸಾಕು, ಪತ್ರಿಕೆಗಳ ಕ್ಯಾಮೆರಾ ಬ್ರಿಗೇಡ್ ರಸ್ತೆಗೋ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೋ ಓಡುತ್ತದೆ. ಆದರೆ ಕಂಟೋನ್ಮೆಂಟಿನಾಚೆಯ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಮನೆಗಳಲ್ಲೂ ಹಬ್ಬ ನಡೆದುಕೊಂಡು ಬಂದಿದೆ. ಅದಕ್ಕೆ ಸಾಕ್ಷಿ ಉಳಿದಿರುವುದು ಹೆಚ್ಚಾಗಿ ಮನೆಯ ಆಲ್ಬಮ್ಮುಗಳಲ್ಲೇ. ಈ ತಿಂಗಳು ಅವುಗಳನ್ನು ಅಟ್ಟದಿಂದ ಇಳಿಸಿ ಎಂದು ಓದುಗರನ್ನು ಕೇಳಿಕೊಳ್ಳುತ್ತಿದ್ದೇನೆ.

ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ಎದ್ದದ್ದು. ಕೆಲಸ ಹುಡುಕಿಕೊಂಡು ಈ ಕಡೆ ಬಂದವರಲ್ಲಿ ಮಂಗಳೂರಿನ ಕೊಂಕಣಿಗರಿದ್ದರು, ತಮಿಳು, ಮಲಯಾಳಂ ಮನೆಮಾತಿನವರಿದ್ದರು, ಹಳ್ಳಿಗಳಿಂದ ಬಂದ ಅಚ್ಚ ಕನ್ನಡದ ಕ್ರೈಸ್ತರೂ ಇದ್ದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಲ್ಯಾಟಿನ್ ಬಿಟ್ಟು ಜನರ ಭಾಷೆ ಬಳಸಲು ದಾರಿ ಮಾಡಿಕೊಟ್ಟಿತು. ಆದರೂ ಇದೇ ನಗರದ ಚರ್ಚುಗಳಲ್ಲಿ ಕನ್ನಡಕ್ಕೆ ಜಾಗ ಸಿಗಲು ಕನ್ನಡ ಕ್ರೈಸ್ತರು ವರ್ಷಗಟ್ಟಲೆ ಹೋರಾಡಬೇಕಾಯಿತು.

ಆ ಕಾಲದ ಒಂದು ಚಿತ್ರ ನನ್ನ ಮೇಜಿನ ಮೇಲಿದೆ, ಅಂಗೈಯಗಲದ ಕಪ್ಪು-ಬಿಳುಪು ಚೌಕ. ಅಗ್ಫಾ ಕ್ಲಿಕ್-3ರಂಥ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ, ಹಾಗಾಗಿ ಯಾವುದನ್ನೂ ಸುಮ್ಮನೆ ಕ್ಲಿಕ್ಕಿಸುತ್ತಿರಲಿಲ್ಲ. ರೆಡ್ ಆಕ್ಸೈಡ್ ನೆಲ, ಬಕೆಟ್ಟಿನಲ್ಲಿ ನಿಲ್ಲಿಸಿದ ಸರ್ವೆ ಮರದ ಕೊಂಬೆ, ಅದರ ಮೇಲೆ ಹತ್ತಿಯ ಹಿಮ. ಪಕ್ಕದಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿ, ಅದರ ಮುಂದೆ ತಟ್ಟೆಯಲ್ಲಿ ಬೆರಳುದ್ದ ಎದ್ದ ರಾಗಿ ಪೈರು. ಹಬ್ಬಕ್ಕೆ ಎರಡು ವಾರ ಮುಂಚೆ ಬಿತ್ತಿ, ದಿನಾ ನೀರು ಚಿಮುಕಿಸಿ ಬೆಳೆಸಿದ್ದು. ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ 1223ರಲ್ಲಿ ನಿಜವಾದ ಎತ್ತು, ಕತ್ತೆ ಕಟ್ಟಿ ತೋರಿಸಿದ ಗೋದಲಿ ಇಲ್ಲಿಗೆ ಬಂದು ರಾಗಿ ಹೊಲ ಸೇರಿದೆ! ಇಂಥ ವಿವರ ಯಾವ ಇತಿಹಾಸದ ಪುಸ್ತಕ ಕೊಡುತ್ತದೆ?

ಚಿತ್ರದ ಅಂಚಿನಲ್ಲಿ ಹಣೆಗೆ ಕುಂಕುಮ ಇಟ್ಟು, ಎರಡು ಜಡೆ ಹಾಕಿಕೊಂಡ ಹುಡುಗಿಯೊಬ್ಬಳು ನಿಂತಿದ್ದಾಳೆ. ಪಕ್ಕದ ಮನೆಯವಳಿರಬೇಕು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ತುಂಬಿದ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಅಂಥ ಮನೆಗಳಿಗೆ ಹೋಗುತ್ತಿತ್ತು. ಸಂಕ್ರಾಂತಿಗೆ ಅದೇ ತಟ್ಟೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಹೊತ್ತು ವಾಪಸು ಬರುತ್ತಿತ್ತು.

ಆದರೆ ಕಿಡಿಯೊ ಮಾಡುವ ಚಿತ್ರ ಮಾತ್ರ ಇಂಥ ಆಲ್ಬಮ್ಮುಗಳಲ್ಲಿ ಸಿಗುವುದು ಅಪರೂಪ. ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಸುತ್ತುತ್ತಿದ್ದ ಕೈಗಳು ಎಲ್ಲಿ? ಅಡುಗೆಮನೆ ಕತ್ತಲು, ರೋಲು ದುಬಾರಿ. ಅದನ್ನೆಲ್ಲ ಮಾಡಿಟ್ಟ ಹೆಂಗಸರು ಸಾಲಿನ ಕೊನೆಗೆ ಬಂದು ನಿಂತಿದ್ದರೆ ಅದೇ ಹೆಚ್ಚು. ಅದಕ್ಕೇ ಚಿತ್ರ ಹುಡುಕಿದರೆ ಸಾಲದು. ಅಜ್ಜಿಯ ಮುಂದೆ ಕೂತು ಕೇಳಬೇಕು, ಯಾರು ಯಾರೆಂದು ಬರೆದುಕೊಳ್ಳಬೇಕು. ಚಿತ್ರದ ಹಿಂದೆ ಪೆನ್ನು ಬೇಡ, ಮೆದು ಪೆನ್ಸಿಲ್ ಸಾಕು.

ಎಪ್ಪತ್ತು-ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳಿಗೆ ಹೆಚ್ಚು ಅವಸರವಿದೆ. ಪೆಟ್ಟಿಗೆಯ ಕತ್ತಲಲ್ಲಿದ್ದರೂ ಅವುಗಳ ನೀಲಿ-ಹಸಿರು ಅಂಶ ಇಳಿದು ಮುಖಗಳೆಲ್ಲ ಕೆಂಪಾಗುತ್ತವೆ. ಬೆಳ್ಳಿಯ ಕಣಗಳಲ್ಲಿ ಮೂಡಿದ ಕಪ್ಪು-ಬಿಳುಪು ಅದಕ್ಕಿಂತ ಗಟ್ಟಿ. ಅಂಟಿನ ಆಲ್ಬಮ್ಮಿನಿಂದ ಎಳೆದು ಕೀಳಬೇಡಿ, ಹಾಳೆಯಲ್ಲಿದ್ದ ಹಾಗೆಯೇ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ವಿವರ ಸವೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ನಮಗೆ ಕಳಿಸುವವರು ಚಿತ್ರದಲ್ಲಿರುವವರ ಒಪ್ಪಿಗೆ ಕೇಳಿ, ಬಡಾವಣೆ, ಅಂದಾಜು ವರ್ಷ ಬರೆದು ಕಳಿಸಿ. ಹಾಗೆಯೇ ಆಗ ಪಕ್ಕದ ಮನೆಯಲ್ಲಿದ್ದವರನ್ನು ಹುಡುಕಿ ಅವರಿಗೂ ಒಂದು ಪ್ರತಿ ಮುಟ್ಟಿಸಿ. ಅವರ ಮಗಳ ಬಾಲ್ಯವೂ ಅದರಲ್ಲಿದೆ.