ನಾಯಿ-ಬೆಕ್ಕುಗಳಿರುವ ಮನೆಗೆ ಧೂಳು ಹೀರುವ ಯಂತ್ರ

ಹಿತ್ತಿಲಲ್ಲಿಯೋ ಕಟ್ಟೆಯ ಕೆಳಗೋ ಮಲಗುತ್ತಿದ್ದ ನಾಯಿ ಈಗ ನಡುಮನೆಗೆ ಬಂದಿದೆ. ನಗರದ ಎರಡು ಕೋಣೆಗಳ ಮನೆಯಲ್ಲಿ ಅದು ನಮ್ಮೊಡನೆಯೇ ಉಣ್ಣುತ್ತದೆ, ನಮ್ಮ ಸೋಫಾದ ಮೇಲೆಯೇ ಒರಗುತ್ತದೆ. ಅದರ ಅಕ್ಕರೆಯೊಂದಿಗೆ ಅದರ ಕೂದಲೂ ಒಳಗೆ ಬಂದಿದೆ. ಕಸಬರಿಗೆ ಆಡಿಸಿದರೆ ಆ ಕೂದಲು ಒಂದು ಮೂಲೆಯಿಂದೆದ್ದು ಮತ್ತೊಂದು ಮೂಲೆಯಲ್ಲಿ ಕೂಡುತ್ತದೆ. ಮನೆಯಲ್ಲಿ ಉಬ್ಬಸವಿರುವ ಹಿರಿಯರೋ ಮಗುವೋ ಇದ್ದರೆ, ‘ಇದನ್ನು ಯಾರಿಗಾದರೂ ಕೊಟ್ಟುಬಿಡೋಣ’ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಮಕ್ಕಳ ಮುಖ ಬಾಡುತ್ತದೆ. ಅಂಥ ನಿರ್ಧಾರಕ್ಕೆ ಮುನ್ನ ಧೂಳು ಹೀರುವ ಯಂತ್ರವು, ಅಂದರೆ ವ್ಯಾಕ್ಯೂಮ್ ಕ್ಲೀನರ್, ಎಷ್ಟರಮಟ್ಟಿಗೆ ನೆರವಾದೀತೆಂಬುದನ್ನು ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ಸೀನು, ಉಬ್ಬಸಗಳನ್ನು ಕೆರಳಿಸುವುದು ಕೂದಲಲ್ಲ. ಪ್ರಾಣಿಯ ಜೊಲ್ಲಿನಲ್ಲಿಯೂ ಚರ್ಮದ ಜಿಡ್ಡಿನಲ್ಲಿಯೂ ಇರುವ ಕೆಲವು ಪ್ರೋಟೀನುಗಳು. ಬೆಕ್ಕು ಮೈ ನೆಕ್ಕಿಕೊಂಡಾಗ ಅವು ರೋಮಕ್ಕೂ ಚರ್ಮದ ಹೊಟ್ಟಿಗೂ ಅಂಟಿ, ಒಣಗಿ, ಗಾಳಿಯಲ್ಲಿ ತೇಲುತ್ತವೆ. ಕೂದಲು ಕಣ್ಣಿಗೆ ಕಾಣುತ್ತದೆ, ಹೊಟ್ಟು ಕಾಣುವುದಿಲ್ಲ. ಆದುದರಿಂದ ಕೂದಲನ್ನು ಹೀರಿ, ಹೊಟ್ಟನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಊದುವ ಯಂತ್ರ ಇಂಥ ಮನೆಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ‘ಹೆಪಾ’ ಎಂಬ ಶೋಧಕವನ್ನು ಕೇಳಿ ಪಡೆಯಬೇಕು. ಅಮೆರಿಕದ ಮಾನದಂಡದ ಪ್ರಕಾರ ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆಯುತ್ತದೆ. ‘ಹೆಪಾ ಮಾದರಿಯದು’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅಂಥ ಹೊಣೆಗಾರಿಕೆ ಏನೂ ಇಲ್ಲವೆಂದು ತಿಳಿಯಿರಿ. ಹೀಗಿದ್ದರೂ ಯಂತ್ರವು ಕಣಗಳನ್ನು ಕಡಿಮೆ ಮಾಡೀತೇ ಹೊರತು ಇಲ್ಲವಾಗಿಸದು. ಉಬ್ಬಸದವರು ಅದನ್ನು ನಡೆಸುವಾಗ ಬೇರೆ ಕೋಣೆಯಲ್ಲಿರುವುದು ಲೇಸು. ವೈದ್ಯರ ಮಾತಿಗೆ ಅದು ಬದಲಿಯೂ ಅಲ್ಲ.

ಇನ್ನು ಸದ್ದಿನ ವಿಚಾರ. ಎಷ್ಟೋ ಮನೆಗಳಲ್ಲಿ ಈ ಯಂತ್ರ ಅಟ್ಟ ಸೇರಿರುವುದಕ್ಕೆ ಅದರ ಕೆಲಸ ಕಾರಣವಲ್ಲ, ಅಬ್ಬರ ಕಾರಣ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸಿದರೆ, ನಾಯಿಗೆ ಸುಮಾರು 45,000ದವರೆಗೂ, ಬೆಕ್ಕಿಗೆ 60,000ವನ್ನೂ ಮೀರಿದ್ದೂ ಕೇಳಿಸುತ್ತದೆ. ನಮಗೆ ಬರಿಯ ಗುಯ್‌ಗುಡುವಿಕೆಯಾಗಿ ತೋರುವುದರೊಳಗೆ ಅವಕ್ಕೆ ಇನ್ನೊಂದು ಕೀರಲು ಧ್ವನಿಯೂ ಇರಬಹುದು. ಮಂಚದಡಿ ನುಸುಳಿ ನಡುಗುವ ನಾಯಿಯನ್ನು ಗದರಿಸುವವರು ಇದನ್ನು ನೆನೆಯಬೇಕು.

ಸದ್ದನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಲೆಕ್ಕ ನಮ್ಮ ಸೇರು-ಪಾವುಗಳಂತಲ್ಲ. ಹತ್ತು ಡೆಸಿಬಲ್ ಹೆಚ್ಚಿದರೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಆದುದರಿಂದ 78ಕ್ಕೂ 68ಕ್ಕೂ ಇರುವ ಅಂತರ ಅಲ್ಪವಲ್ಲ. 70ರ ಆಸುಪಾಸಿನದು ಮನೆಗೆ ಸಹನೀಯ. ಪೆಟ್ಟಿಗೆಯ ಮೇಲಿನ ಅಂಕಿ ಪೂರ್ಣ ವೇಗದ್ದೋ ಕನಿಷ್ಠ ವೇಗದ್ದೋ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು. ವೇಗವನ್ನು ಏರಿಳಿಸುವ ಗುಂಡಿಯಿರುವುದು ದೊಡ್ಡ ಅನುಕೂಲ. ಗ್ರಾನೈಟ್ ಅಥವಾ ಟೈಲ್ಸ್ ನೆಲಕ್ಕೆ ಅರ್ಧ ವೇಗವೇ ಸಾಕು.

ಹೆಚ್ಚು ವ್ಯಾಟ್ ಇದ್ದರೆ ಹೆಚ್ಚು ಹೀರುತ್ತದೆಂಬುದು ಅಂಗಡಿಯವರ ಮಾತು. ವ್ಯಾಟ್ ಎಂಬುದು ಯಂತ್ರ ತಿನ್ನುವ ವಿದ್ಯುತ್ತಿನ ಲೆಕ್ಕವೇ ಹೊರತು ಮಾಡುವ ಕೆಲಸದ್ದಲ್ಲ. ಐರೋಪ್ಯ ಒಕ್ಕೂಟವು 2014ರಲ್ಲಿ ಮನೆಬಳಕೆಯ ಯಂತ್ರಗಳನ್ನು 1600 ವ್ಯಾಟಿಗೂ, 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗೂ ಮಿತಿಗೊಳಿಸಿತು. ಸದ್ದು 80 ಡೆಸಿಬಲ್ ಮೀರಕೂಡದೆಂದೂ ವಿಧಿಸಿತು. ಅಲ್ಲಿನ ಮನೆಗಳೇನೂ ಧೂಳಿನಲ್ಲಿ ಮುಳುಗಲಿಲ್ಲ.

ಚೀಲವಿರುವ ಯಂತ್ರವೋ ಚೀಲವಿಲ್ಲದ್ದೋ? ಸಾಕುಪ್ರಾಣಿಯಿರುವ ಮನೆಗೆ ನಮ್ಮ ಒಲವು ಚೀಲದ ಕಡೆಗೆ. ಸದ್ದು ಸಾಮಾನ್ಯವಾಗಿ ತುಸು ಕಡಿಮೆ. ಬಿಚ್ಚಿ ಎಸೆಯುವಾಗ ಧೂಳು ಮುಖಕ್ಕೆ ಹಾರುವುದಿಲ್ಲ. ಚೀಲಕ್ಕೆ ಆಗಾಗ ಹಣ ತೆರಬೇಕೆಂಬುದು ನಿಜ. ಆದರೆ ಡಬ್ಬಿಯಲ್ಲಿ ಸುತ್ತಿಕೊಂಡ ರೋಮವನ್ನು ಬೆರಳಿನಿಂದ ಬಿಡಿಸುವ ಸೊಸೆಯೋ ಕೆಲಸದಾಕೆಯೋ ಅನುಭವಿಸುವ ಕಿರಿಕಿರಿಗೂ ಒಂದು ಬೆಲೆಯಿದೆಯಷ್ಟೆ! ನೀರು-ಧೂಳು ಎರಡನ್ನೂ ಹೀರುವ ಡ್ರಮ್ಮಿನಂಥ ಯಂತ್ರಗಳು ಗಟ್ಟಿಮುಟ್ಟಾದರೂ ಬಹುಪಾಲು ಗದ್ದಲದವು. ತಾನೇ ಓಡಾಡುವ ರೋಬೋಟ್ ಮೆತ್ತನೆಯದು, ಆದರೆ ದುಬಾರಿ, ಸೋಫಾ ಏರಲಾರದು, ನಾಯಿಮರಿ ನೆಲದ ಮೇಲೆ ಹೊಲಸು ಮಾಡಿದ್ದರೆ ಅದನ್ನೇ ಮನೆಯೆಲ್ಲ ಸಾರಿಸಿಬಿಟ್ಟೀತು.

ತಿರುಗುವ ಕುಂಚವನ್ನು ಎಲ್ಲರಿಗೂ ಕೊಳ್ಳಹೇಳುತ್ತಾರೆ. ದಪ್ಪ ಕಾರ್ಪೆಟ್ಟಿಗೆ ಅದು ಬೇಕು. ನಮ್ಮ ನುಣುಪು ನೆಲದ ಮೇಲೆ ಅದು ಕೂದಲನ್ನು ಚದುರಿಸುವುದೇ ಹೆಚ್ಚು. ನವಲಗುಂದದ ಜಮಖಾನೆಯ ಅಂಚಿನ ಎಳೆಗಳನ್ನು ಸುತ್ತಿ ಎಳೆಯಲೂಬಹುದು. ಸೋಫಾಕ್ಕೆ ಸಣ್ಣ ಮೂತಿ ಸಾಕು. ಹೀರುವ ಮುನ್ನ ಒದ್ದೆ ಮಾಡಿದ ರಬ್ಬರ್ ಕೈಗವಸಿನಿಂದ ಒಂದೇ ದಿಕ್ಕಿಗೆ ಸವರಿದರೆ ರೋಮ ಉಂಡೆಯಾಗಿ ಬರುತ್ತದೆ. ಪ್ರಾಣಿಯ ಮೈಯನ್ನು ದಿನವೂ ಹೊರಗೆ ಬಾಚಿದರೆ ಯಂತ್ರದ ಕೆಲಸ ಬಹಳಷ್ಟು ಇಳಿಯುತ್ತದೆ. ಮುಧೋಳದ ಗಿಡ್ಡ ರೋಮದ ನಾಯಿಗೆ ಇದು ಹಗುರ, ಪೊಮೆರೇನಿಯನ್ನಿಗೆ ಅನಿವಾರ್ಯ.

ಚಿಗಟದ ಕಾಟವಿದ್ದಲ್ಲಿ ಯಂತ್ರದ ಉಪಯೋಗ ಇಮ್ಮಡಿ. 2007ರಲ್ಲಿ ಪ್ರಕಟವಾದ, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಯಂತ್ರ ಹೀರಿಕೊಂಡ ಬೆಳೆದ ಚಿಗಟಗಳಲ್ಲಿ ಬಹುಪಾಲು ಸತ್ತಿದ್ದವು.

ಯಂತ್ರ ಓಡುವಾಗ ಧ್ವನಿ ಒಮ್ಮೆಲೆ ಕೀರಲಾದರೆ ಅದು ಶಕ್ತಿ ಹೆಚ್ಚಿದ ಲಕ್ಷಣವಲ್ಲ. ಕೊಳವೆಯಲ್ಲೋ ಶೋಧಕದಲ್ಲೋ ರೋಮ ಕಟ್ಟಿ ಗಾಳಿ ನಿಂತಿದೆ. ಎಳೆಯಲು ಗಾಳಿಯಿಲ್ಲದೆ ಮೋಟಾರು ಹಗುರಾಗಿ ವೇಗವಾಗಿ ಸುತ್ತುತ್ತಿದೆ, ಅದನ್ನು ತಂಪಾಗಿಡುವ ಗಾಳಿಯೂ ಇಲ್ಲ. ಕೂಡಲೇ ನಿಲ್ಲಿಸಿ ಬಿಡಿಸಬೇಕು.

ಪ್ರಾಣಿಯನ್ನು ಯಂತ್ರಕ್ಕೆ ರೂಢಿಸಲು ಅವಸರ ಸಲ್ಲದು. ಮೊದಲ ಕೆಲವು ದಿನ ಯಂತ್ರವನ್ನು ನಡೆಸದೆ ಕೋಣೆಯಲ್ಲಿ ಸುಮ್ಮನಿರಿಸಿ, ಅದರ ಬಳಿ ತಿನಿಸು ಇಡಿ. ಆಮೇಲೆ ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿ ಕನಿಷ್ಠ ವೇಗದಲ್ಲಿ ಒಂದೆರಡು ನಿಮಿಷ ನಡೆಸಿ. ಅದನ್ನು ಅಟ್ಟಿಸಿಕೊಂಡು ಹೋಗುವ ಆಟವನ್ನು ಮಕ್ಕಳು ಆಡದಂತೆ ನೋಡಿಕೊಳ್ಳಿ.

ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಪೂರ್ಣ ವೇಗದಲ್ಲಿ ಓಡಿಸಿ ಕೇಳಿ, ಒಂದು ಹಿಡಿ ರೋಮವನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಹೀರಿಸಿ ನೋಡಿ. ಅಂಗಡಿಯವರು ನಕ್ಕರೆ ನಗಲಿ. ಆ ಯಂತ್ರದ ಚೀಲವೂ ಶೋಧಕವೂ ನಿಮ್ಮ ಊರಿನಲ್ಲಿಯೇ ಸಿಗುತ್ತವೆಯೇ, ಒಂದೊಂದರ ಬೆಲೆ ಎಷ್ಟು ಎಂಬುದನ್ನು ರಸೀದಿ ಬರೆಸುವ ಮೊದಲೇ ಕೇಳಿರಿ.