ಚಪ್ಪಾಳೆಗೆ ಮುಂಚೆ ಒಂದು ಪ್ರಶ್ನೆ

ನಾವು ಚಿಕ್ಕವರಿದ್ದಾಗ ಅಳವಂಡಿಗೆ ದೊಂಬರು ಬಂದರೆಂದರೆ ಶಾಲೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಡೋಲಿನ ಸದ್ದು ಕೇಳಿದ್ದೇ ತಡ, ಬಯಲಿಗೆ ಓಡುತ್ತಿದ್ದೆವು. ಎರಡು ಕಡೆ ಗಳ ನೆಟ್ಟು ನಡುವೆ ಹಗ್ಗ ಬಿಗಿದಿರುತ್ತಿದ್ದರು. ಏಳೆಂಟು ವರ್ಷದ ಹುಡುಗಿ ಕೈಯಲ್ಲಿ ಕೋಲು ಹಿಡಿದು ಅದರ ಮೇಲೆ ನಡೆಯುತ್ತಿದ್ದಳು. ನಾವೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರೆ, ಅವಳ ಅಪ್ಪ ಡೋಲು ಬಾರಿಸುತ್ತಲೇ ಹಗ್ಗದ ಗಂಟನ್ನು, ಗೂಟವನ್ನು, ಮಗಳ ಪಾದವನ್ನು ನೋಡುತ್ತಿದ್ದ. ಆಟಕ್ಕೆ ಮೊದಲು ಆ ಹಗ್ಗಕ್ಕೆ ತಾನೇ ಜೋತುಬಿದ್ದು ಪರೀಕ್ಷಿಸಿರುತ್ತಿದ್ದ. ಮಗುವನ್ನು ಹಗ್ಗ ಹತ್ತಿಸಿದ್ದು ಹಸಿವು. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ಬಡವನಿಗೆ ಒಂದು ಸಂಗತಿ ತಿಳಿದಿತ್ತು. ಮೇಲೆ ಹತ್ತಿಸಿದವನೇ ಕೆಳಗೆ ನಿಂತು ಕಾಯಬೇಕು.

ಕೋಟಿಗಟ್ಟಲೆ ಸುರಿಯುವ ನಮ್ಮ ಚಿತ್ರರಂಗಕ್ಕೆ ಇದು ತಿಳಿದಿದೆಯೆ?

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರುವ ದೃಶ್ಯ ಚಿತ್ರೀಕರಿಸಲಾಯಿತು. ನಾಯಕ ನಟ ದಡ ಸೇರಿದರು. ಖಳರ ಪಾತ್ರದಲ್ಲಿದ್ದ ಅನಿಲ್ ಮತ್ತು ಉದಯ್ ಮುಳುಗಿದರು. ಅವರಿಬ್ಬರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ತಮಗೆ ಈಜು ಚೆನ್ನಾಗಿ ಬರುವುದಿಲ್ಲವೆಂದು ಹಾರುವ ಮೊದಲೇ ಟಿವಿ ಕ್ಯಾಮೆರಾದ ಮುಂದೆ ಹೇಳಿಕೊಂಡಿದ್ದರು. ಕ್ಯಾಮೆರಾಗಳಿಗೇನೂ ಕೊರತೆ ಇರಲಿಲ್ಲ, ಕಾಯುವ ಕೈಗಳಿಗೆ ಇತ್ತು. ಶವಗಳಿಗಾಗಿ ದಿನಗಟ್ಟಲೆ ಹುಡುಕಬೇಕಾಯಿತು. ಮರುವರ್ಷ ಚಿತ್ರ ತೆರೆ ಕಂಡಿತು.

ಪಾಠ ಕಲಿತೆವೆ? 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಇನ್ನೊಂದು ಕನ್ನಡ ಚಿತ್ರದ ಸಾಹಸ ದೃಶ್ಯ ನಡೆಯುತ್ತಿದ್ದಾಗ, ಕ್ರೇನಿನ ಲೋಹದ ಹಗ್ಗ ವಿದ್ಯುತ್ ತಂತಿಗೆ ತಾಗಿ ಯುವ ಸಾಹಸ ಕಲಾವಿದನೊಬ್ಬ ಸತ್ತ. ತಲೆಯ ಮೇಲೆ ತಂತಿ ಇದೆಯೇ ಎಂದು ನೋಡಲು ಯಾವ ತಂತ್ರಜ್ಞಾನ ಬೇಕಿತ್ತು?

ಇಂಥ ಸಾವುಗಳಾದಾಗ, 'ಸಾಹಸ ಎಂದಮೇಲೆ ಅಪಾಯ ಇದ್ದದ್ದೇ, ಮೂಕಿ ಚಿತ್ರಗಳ ಕಾಲದಿಂದಲೂ ಹೀಗೆಯೇ' ಎನ್ನುವವರಿದ್ದಾರೆ. ಹಾಗಾದರೆ ಆ ಕಾಲವನ್ನೇ ನೋಡೋಣ. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಸುಮಾರು ಎರಡು ಟನ್ ತೂಕದ ಮನೆಯ ಗೋಡೆ ಬಸ್ಟರ್ ಕೀಟನ್ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ಖಾಲಿ ಜಾಗ ಸರಿಯಾಗಿ ಅವರಿದ್ದಲ್ಲಿಗೇ ಬರುವುದರಿಂದ ಅವರು ನಿಂತಲ್ಲೇ ಉಳಿಯುತ್ತಾರೆ. ಸುತ್ತ ಬಿಟ್ಟ ಅಂತರ ಕೆಲವೇ ಅಂಗುಲ. ಕಾಲಿಡುವ ಜಾಗವನ್ನು ಮೊದಲೇ ಅಳೆದು ಗುರುತು ಮಾಡಿದ್ದರು. ಇದೂ ಅನುಕರಣೀಯವಲ್ಲ. 1924ರಲ್ಲಿ ಇನ್ನೊಂದು ದೃಶ್ಯದಲ್ಲಿ ಇದೇ ಕೀಟನ್‌ರ ಕತ್ತಿನ ಮೂಳೆ ಮುರಿದಿತ್ತು. ಅದು ಅವರಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆದರೂ ಒಂದು ಮಾತು ಒಪ್ಪಲೇಬೇಕು. ಕೀಟನ್ ಪಣಕ್ಕಿಟ್ಟದ್ದು ತನ್ನ ಕತ್ತನ್ನು. ಪೋಸ್ಟರಿನಲ್ಲಿ ಯಾರ ಹೆಸರಿತ್ತೋ ಗೋಡೆಯ ಕೆಳಗೆ ನಿಂತವನೂ ಅವನೇ.

ಹೆರಾಲ್ಡ್ ಲಾಯ್ಡ್ 1919ರಲ್ಲಿ ನಕಲಿ ಎಂದುಕೊಂಡಿದ್ದ ಬಾಂಬು ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡರು. 1923ರ 'ಸೇಫ್ಟಿ ಲಾಸ್ಟ್'ನಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದದ್ದು ಅದೇ ಕೈಯಲ್ಲಿ. ಆದರೆ ಆ ಗಡಿಯಾರವಿದ್ದ ಗೋಡೆಯನ್ನು ಕಟ್ಟಡದ ಮಾಳಿಗೆಯ ಮೇಲೆ ಕಟ್ಟಿ, ಕೆಳಗೆ ಅಟ್ಟಣೆ ಹಾಕಿ ಹಾಸಿಗೆ ಹಾಸಿದ್ದರು. ಚಿತ್ರದ ಹೆಸರಿನ ಅರ್ಥ 'ಸುರಕ್ಷತೆ ಕೊನೆಗೆ' ಎಂದು. ಅವರಿಗೆ ಅದು ತಮಾಷೆಯಾಗಿತ್ತು, ನಮ್ಮವರು ಅದನ್ನೇ ನಿಯಮ ಮಾಡಿಕೊಂಡರು.

ಅಲ್ಲಿ ಅನ್ಯಾಯ ಇರಲಿಲ್ಲವೆಂದಲ್ಲ. ಲಾಯ್ಡ್ ಬದಲಿಗೆ ಕೆಲವು ದೃಶ್ಯಗಳಲ್ಲಿ ಹತ್ತಿದ ಹಾರ್ವೆ ಪ್ಯಾರಿಯ ಹೆಸರು ಹೊರಬಂದದ್ದು 1971ರಲ್ಲಿ ಲಾಯ್ಡ್ ತೀರಿಕೊಂಡ ಮೇಲೆ. ಬೀಳುವವನೊಬ್ಬ, ಹೆಸರು ಗಳಿಸುವವನೊಬ್ಬ ಎಂಬ ಪದ್ಧತಿಗೆ ಶತಮಾನದ ಇತಿಹಾಸವಿದೆ. ನಾವು ಅಲ್ಲಿಂದ ಹಾಸಿಗೆಯನ್ನು ತರಲಿಲ್ಲ, ಈ ಪದ್ಧತಿಯನ್ನು ಮಾತ್ರ ತಂದೆವು.

'ಜನ ಕೇಳುತ್ತಾರೆ' ಎಂಬುದು ಇನ್ನೊಂದು ಸಬೂಬು. ಇದೇ ಬೆಂಗಳೂರಿನಲ್ಲಿ ಚಿತ್ರೀಕರಣಗೊಂಡ, ಮಾತೇ ಇಲ್ಲದ 'ಪುಷ್ಪಕ ವಿಮಾನ'ವನ್ನು 1987ರಲ್ಲಿ ಜನ ನಕ್ಕು ನೋಡಲಿಲ್ಲವೆ? ಮೂಕಿ ಹಾಸ್ಯದಲ್ಲಿ ನಾವು ನಗುವುದು ಬಿದ್ದವನು ಎದ್ದು ಮೈಮೇಲಿನ ಧೂಳು ಕೊಡವಿಕೊಂಡಾಗ. ಅವನು ಏಳದೇ ಹೋದರೆ ಅದು ಹಾಸ್ಯವೂ ಅಲ್ಲ, ಸಾಹಸವೂ ಅಲ್ಲ. ಅದು ಕೊಲೆಗೆ ಹತ್ತಿರವಾದ ನಿರ್ಲಕ್ಷ್ಯ.

ತನ್ನ ಜೀವವನ್ನು ಅಳೆದು ತೂಗಿ ಒಡ್ಡುವುದು ಧೈರ್ಯವಾದೀತು. ಇನ್ನೊಬ್ಬನ ಬಡತನವನ್ನು ನಂಬಿ ಅವನ ಜೀವ ಒಡ್ಡುವುದು ಧೈರ್ಯ ಹೇಗಾದೀತು? ಅವಕಾಶ ಕೈತಪ್ಪೀತೆಂಬ ಭಯದಲ್ಲಿರುವವನ 'ಹೂಂ' ಒಪ್ಪಿಗೆಯಲ್ಲ. 'ಒಲ್ಲೆ' ಎಂದರೂ ಅವನ ಕೂಲಿ ಕೈಬಿಡಬಾರದು. ಚಿತ್ರೀಕರಣದ ಸ್ಥಳದಲ್ಲಿ ರಕ್ಷಣಾ ತಂಡ ಮತ್ತು ಆಂಬುಲೆನ್ಸ್, ಪ್ರತಿ ಸಾಹಸ ಕಲಾವಿದನಿಗೆ ವಿಮೆ, ಪೋಸ್ಟರಿನಲ್ಲಿ ಅವನ ಹೆಸರು ಇರಲಿ. ಇದು ಅತಿಯಾಸೆಯೆ?

ನಮ್ಮ ಪಾಲೂ ಇದೆ. ಸಿಳ್ಳೆ ಹೊಡೆದವರು ನಾವೇ. ಇನ್ನು ಮುಂದೆ ತೆರೆಯ ಮೇಲೆ ಒಬ್ಬ ಹಾರಿದಾಗ ಚಪ್ಪಾಳೆಗೆ ಮುಂಚೆ ಕೇಳೋಣ: ಕೆಳಗೆ ಯಾರು ನಿಂತಿದ್ದರು? ಅಳವಂಡಿಯ ಬಯಲಿನಲ್ಲಿ ಒಬ್ಬ ನಿಂತಿದ್ದ. ಅವನ ಕೈಯಲ್ಲಿದ್ದದ್ದು ಬರೀ ಒಂದು ಡೋಲು.