ಕಲ್ಲು ಕೊಯ್ಯುವವರ ಉಸಿರು

ಬೆಂಗಳೂರಿನ ಅಂಚಿನಲ್ಲಿ ಏಳುತ್ತಿರುವ ಯಾವ ಬಡಾವಣೆಗೆ ಹೋದರೂ ಗ್ರಾನೈಟ್ ಕೊಯ್ಯುವ ಸದ್ದು ಕೇಳದ ಬೀದಿ ಸಿಗುವುದು ಕಷ್ಟ. ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ, ಕಿಟಕಿಯ ಚೌಕಟ್ಟಿಗೆ ಕಲ್ಲನ್ನು ಅಳತೆಗೆ ಕತ್ತರಿಸುವ ಕೆಲಸ ಮನೆಯ ಗೇಟಿನ ಎದುರೇ ನಡೆಯುತ್ತದೆ. ಯಂತ್ರದ ಚಕ್ರ ಕಲ್ಲಿಗೆ ತಾಗಿದ್ದೇ ತಡ, ಬಿಳಿ ಮೋಡ ಏಳುತ್ತದೆ. ದಾರಿಹೋಕರು ಮೂಗು ಮುಚ್ಚಿಕೊಂಡು ಸರಸರ ದಾಟಿಬಿಡುತ್ತಾರೆ. ಮೋಡದ ನಡುವೆ ಕುಕ್ಕರುಗಾಲಲ್ಲಿ ಕೂತವನು ಮಾತ್ರ ಸಂಜೆಯವರೆಗೂ ಅಲ್ಲೇ ಇರುತ್ತಾನೆ. ಅವನ ಮೂಗುಬಾಯಿಗೆ ಸುತ್ತಿರುವುದು ಒಂದು ಟವೆಲ್ಲು, ಅಷ್ಟೇ.

ಆ ಟವೆಲ್ಲು ಅವನನ್ನು ಕಾಯುವುದಿಲ್ಲ. ಕಣ್ಣಿಗೆ ಕಾಣುವ ದಪ್ಪ ಧೂಳು ಬಟ್ಟೆಯಲ್ಲೋ ಮೂಗಿನ ಕೂದಲಲ್ಲೋ ನಿಂತೀತು. ಆದರೆ ಜೀವ ತೆಗೆಯುವುದು ಕಣ್ಣಿಗೆ ಕಾಣದ ಧೂಳು. ಐದು ಮೈಕ್ರಾನಿಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಇಳಿಯುತ್ತವೆ. ಅವನ್ನು ನುಂಗಲು ಬಂದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯ ಗಟ್ಟಿಯಾಗುತ್ತದೆ, ಕಲೆ ಹಬ್ಬುತ್ತದೆ, ಶ್ವಾಸಕೋಶ ಹಿಗ್ಗುವುದನ್ನೇ ಮರೆಯುತ್ತದೆ. ಇದೇ ಸಿಲಿಕೋಸಿಸ್. ವಾಸಿ ಮಾಡುವ ಮದ್ದು ಇವತ್ತಿಗೂ ಇಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಲ್ಲದು, ಜೊತೆಗೆ ಕ್ಷಯವನ್ನೂ ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಎಷ್ಟೋ ಕಲ್ಲುಕೆಲಸಗಾರರು ಟಿಬಿ ಮಾತ್ರೆ ನುಂಗುತ್ತಲೇ ತೀರಿಹೋಗುತ್ತಾರೆ. ಅವರ ನಿಜವಾದ ಕಾಯಿಲೆಯ ಹೆಸರು ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ.

ಎಲ್ಲ ಕಲ್ಲೂ ಒಂದೇ ಸಮ ಅಪಾಯದ್ದಲ್ಲ. ಚಾಮರಾಜನಗರದ ಕಡೆಯ ಕರಿಕಲ್ಲಿನಲ್ಲಿ ಸಿಲಿಕಾದ ಹರಳು ಕಡಿಮೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಅದು ಧಾರಾಳ. ಈಗ ಎಲ್ಲರೂ ಕೇಳಿ ಹಾಕಿಸಿಕೊಳ್ಳುವ ಕೃತಕ ‘ಕ್ವಾರ್ಟ್ಜ್’ ಹಲಗೆಗಳಲ್ಲಂತೂ ಅದರ ಪ್ರಮಾಣ ಶೇ 90 ಮೀರುವುದುಂಟು. ಆಸ್ಟ್ರೇಲಿಯದಲ್ಲಿ ಈ ಹಲಗೆಗಳನ್ನು ಕೊಯ್ಯುತ್ತಿದ್ದ ಎಳೆಯ ಪ್ರಾಯದವರೇ ಸಿಲಿಕೋಸಿಸ್‌ಗೆ ತುತ್ತಾದರು. 2024ರ ಜುಲೈ 1ರಿಂದ ಆ ದೇಶ ಅವನ್ನು ನಿಷೇಧಿಸಿತು. ನಮ್ಮಲ್ಲಿ ಅವು ಶೋರೂಮುಗಳಲ್ಲಿ ಬಣ್ಣಬಣ್ಣವಾಗಿ ನಿಂತಿವೆ.

ಇಷ್ಟು ಭಯಾನಕ ಧೂಳಿನ ಎದುರು ಮನುಷ್ಯನನ್ನು ಕಾಯಬಲ್ಲ ಸಾಧನ ಇಲ್ಲವೇ ಎಂದರೆ, ಇದೆ. ತಲೆಗೆ ಗಟ್ಟಿ ಹೆಲ್ಮೆಟ್, ಮುಖದ ಮುಂದೆ ಪಾರದರ್ಶಕ ಪರದೆ, ಗದ್ದದ ಸುತ್ತ ಸಡಿಲ ಬಟ್ಟೆಯ ಅಂಚು. ಸೊಂಟದ ಪಟ್ಟಿಯಲ್ಲಿ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನು, ಅದರ ಬಾಯಿಗೆ ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರು. ಅಲ್ಲಿಂದ ಬೆನ್ನ ಮೇಲೆ ಹಾಯುವ ಕೊಳವೆಯಲ್ಲಿ ಶುದ್ಧ ಗಾಳಿ ಹೆಲ್ಮೆಟ್ಟಿನೊಳಕ್ಕೆ ಇಳಿದು, ಹಣೆಯಿಂದ ಮುಖದ ಮೇಲೆ ಹರಿದು, ಗದ್ದದ ಕೆಳಗಿನಿಂದ ಹೊರಬೀಳುತ್ತದೆ. ತುಂಬಿ ಹೊರಚೆಲ್ಲುತ್ತಿರುವ ಕೊಡದೊಳಕ್ಕೆ ಹೊರಗಿನ ನೀರು ನುಗ್ಗಲಾರದ ಹಾಗೆ, ಒಳಗಿನಿಂದ ಸದಾ ಹೊರಕ್ಕೆ ತಳ್ಳುವ ಗಾಳಿ ಧೂಳನ್ನು ಹತ್ತಿರ ಸೇರಿಸುವುದಿಲ್ಲ. ಸೊಂಟದ ಬಳಿಯ ಒತ್ತುಗುಂಡಿಯಿಂದ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಈ ಗುಂಡಿಯನ್ನು ಸುಖದ ಸೌಕರ್ಯ ಎಂದು ಯಾರೂ ತಳ್ಳಿಹಾಕಬಾರದು. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಸಾಕು. ಚಪ್ಪಡಿ ಎತ್ತಿ, ಬಗ್ಗಿ, ಯಂತ್ರ ಒತ್ತಿ ಹಿಡಿದವನಿಗೆ ಅದರ ಐದಾರು ಪಟ್ಟು ಬೇಕು. ಏದುಸಿರಿನಲ್ಲಿ ಒಮ್ಮೆಗೆ ಎಳೆಯುವ ರಭಸ ಇನ್ನೂ ಜಾಸ್ತಿ. ಫ್ಯಾನು ಕೊಡುವುದಕ್ಕಿಂತ ಎದೆ ಎಳೆಯುವುದು ಹೆಚ್ಚಾದ ಕ್ಷಣದಲ್ಲಿ ಅಂಚಿನಿಂದ ಧೂಳು ಒಳಗೆ ನುಗ್ಗುತ್ತದೆ. ಅದಕ್ಕೇ ಅಮೆರಿಕದ ಮಾನದಂಡ ಇಂಥ ಸಡಿಲ ಹೆಲ್ಮೆಟ್ಟಿಗೆ ನಿಮಿಷಕ್ಕೆ ಕನಿಷ್ಠ 170 ಲೀಟರ್ ಗಾಳಿ ಬೇಕು ಎನ್ನುತ್ತದೆ. ಕೆಲಸಗಾರ ತನಗೆ ಬೇಕಾದಂತೆ ಏರಿಸಲಿ, ಇಳಿಸಲಿ. ಆದರೆ ಆ ಕನಿಷ್ಠಕ್ಕಿಂತ ಕೆಳಕ್ಕೆ ಇಳಿಸಲು ಸಾಧನವೇ ಬಿಡಬಾರದು, ಬ್ಯಾಟರಿ ಸೋತರೆ ಅದೇ ಕೂಗಬೇಕು. ಒಳ್ಳೆಯ ಹೆಲ್ಮೆಟ್ಟುಗಳು ಹೀಗೆಯೇ ಇವೆ.

‘ಮಾಸ್ಕ್ ಹಾಕಿಕೊಳ್ಳಿ ಅಂದರೆ ಇವರು ಕೇಳುವುದಿಲ್ಲ’ ಎಂದು ಗುತ್ತಿಗೆದಾರರು ಹೇಳುವುದುಂಟು. ಏಪ್ರಿಲ್ ತಿಂಗಳ ಬಾಗಲಕೋಟೆಯ ಬಿಸಿಲಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಹಾಕಿ ಎಂಟು ಗಂಟೆ ಕಲ್ಲು ಕೊಯ್ಯುವುದೆಂದರೆ ಏನೆಂದು ಹೇಳುವವರು ಯೋಚಿಸಬೇಕು. ಪ್ರತಿ ಉಸಿರನ್ನೂ ಆ ದಪ್ಪ ಪದರದ ಮೂಲಕ ಎಳೆದುಕೊಳ್ಳಬೇಕು. ಬೆವರಿಗೆ ಅದು ಒದ್ದೆಯಾಗಿ ಮೂಗಿಗೆ ಅಂಟುತ್ತದೆ. ಗಡ್ಡವಿದ್ದವರಿಗೆ ಅಂಚು ಕೂರುವುದೇ ಇಲ್ಲ. ಕೊನೆಗೆ ಅದು ಕೊರಳಿಗೆ ಜಾರುತ್ತದೆ. ಅದನ್ನು ಅಶಿಸ್ತು ಎಂದು ಬೈಯುವುದು ಅನ್ಯಾಯ. ದೇಹ ಉಸಿರಾಡಲು ದಾರಿ ಹುಡುಕುತ್ತದೆ, ಅಷ್ಟೇ. ಫ್ಯಾನಿನ ಹೆಲ್ಮೆಟ್ಟಿನಲ್ಲಿ ಉಸಿರನ್ನು ಕಷ್ಟಪಟ್ಟು ಎಳೆಯಬೇಕಿಲ್ಲ, ಗಡ್ಡ ಅಡ್ಡಿಯಲ್ಲ, ಮುಖದ ಬೆವರು ಆರುತ್ತಿರುತ್ತದೆ. ಕಣ್ಣಿಗೂ ರಕ್ಷಣೆ, ತಲೆಗೂ ರಕ್ಷಣೆ. ಭಾರ ಇದೆ ನಿಜ, ಪರದೆಗೆ ಗೀರು ಬೀಳುತ್ತದೆ ನಿಜ. ಆದರೂ ದಿನವಿಡೀ ಹಾಕಿಕೊಂಡಿರಬಹುದಾದ ರಕ್ಷಣೆ ಇದು.

ಈ ಆಲೋಚನೆ ಎಷ್ಟು ಹಳೆಯದು ಎಂದು ತಿಳಿದಾಗ ಸಿಟ್ಟೂ ಬರುತ್ತದೆ. 1823ರಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ಡೀನ್ ಹೊಗೆಯೊಳಗೆ ನುಗ್ಗುವವರಿಗಾಗಿ ತಾಮ್ರದ ಹೆಲ್ಮೆಟ್ಟಿಗೆ ಪೇಟೆಂಟ್ ಪಡೆದ. ಹೊರಗೆ ನಿಂತವರು ತಿದಿ ಒತ್ತಿದರೆ ಚರ್ಮದ ಕೊಳವೆಯಲ್ಲಿ ಗಾಳಿ ಒಳಗಿದ್ದವನನ್ನು ತಲುಪುತ್ತಿತ್ತು. ಅಗ್ನಿಶಾಮಕ ಪಡೆಗಳು ಅದನ್ನು ಅಷ್ಟಾಗಿ ಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಡೀನ್ ಸಹೋದರರು ಅದನ್ನೇ ಸಮುದ್ರದೊಳಕ್ಕೆ ಇಳಿಸಿದರು, ಮುಳುಗಿದ ಹಡಗುಗಳ ಸರಕು ಎತ್ತುವ ಮುಳುಗುಗಾರರ ಹೆಲ್ಮೆಟ್ ಹುಟ್ಟಿದ್ದು ಹಾಗೆ. ಮುಳುಗಿದ ಸರಕಿಗೆ ಬೆಲೆಯಿತ್ತು, ಕೊಂಡುಕೊಳ್ಳುವವರೂ ಇದ್ದರು.

1970ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ಗಣಿ ಸುರಕ್ಷತಾ ಸಂಶೋಧಕರು ಕಲ್ಲಿದ್ದಲು ಗಣಿಗಾರರಿಗೆಂದು ‘ಏರ್‌ಸ್ಟ್ರೀಮ್’ ಹೆಲ್ಮೆಟ್ ರೂಪಿಸಿದರು. ಫ್ಯಾನು, ಫಿಲ್ಟರು ಎರಡೂ ಹೆಲ್ಮೆಟ್ಟಿನೊಳಗೇ. ಹಣೆಯ ದೀಪಕ್ಕಾಗಿ ಗಣಿಗಾರ ಸೊಂಟದಲ್ಲಿ ಬ್ಯಾಟರಿ ಹೊರುವುದು ಹೊಸದಲ್ಲವಾದ್ದರಿಂದ ಫ್ಯಾನಿನ ಬ್ಯಾಟರಿಯೂ ಅಲ್ಲೇ ಕೂತಿತು. ದಶಕಗಳ ಕಾಲ ಅದು ಅಮೆರಿಕದ ಗಣಿಗಳಲ್ಲೂ ನಡೆಯಿತು. 2020ರಲ್ಲಿ ತಯಾರಕರಾದ 3ಎಂ ಕಂಪನಿ ಗಣಿಯ ಆ ಮಾದರಿಯನ್ನು ನಿಲ್ಲಿಸಿತು. ಸ್ಫೋಟಕ ಅನಿಲವಿರುವ ಗಣಿಯಲ್ಲಿ ಬಳಸಲು ಅಲ್ಲಿ ಅನುಮತಿ ಇದ್ದ ಈ ಜಾತಿಯ ಸಾಧನ ಅದೊಂದೇ ಆಗಿತ್ತು. ಒಬ್ಬ ತಯಾರಕನನ್ನೇ ನಂಬಿಕೊಂಡ ರಕ್ಷಣೆ ಹೀಗೆ ಒಂದು ದಿನ ಕೈಬಿಡಬಹುದು. ನಮ್ಮಲ್ಲಿ ಇದರ ತಯಾರಿಕೆ ಬೆಳೆಯಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಬ್ಯಾಟರಿ, ಪುಟ್ಟ ಮೋಟಾರು, ಫಿಲ್ಟರ್ ಬಟ್ಟೆ, ಪ್ಲಾಸ್ಟಿಕ್ ಅಚ್ಚು: ಇದರಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಮೀರಿದ್ದು ಯಾವುದೂ ಇಲ್ಲ.

ಗಾಳಿಯನ್ನು ತಂಪು ಮಾಡುವ ದಾರಿಯೂ ಇದೆ. 1930ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ರಾಂಕ್ ಒಂದು ವಿಚಿತ್ರ ಕೊಳವೆಯನ್ನು ಜಗತ್ತಿಗೆ ತೋರಿಸಿದರು. ಒತ್ತಡದ ಗಾಳಿಯನ್ನು ಅದರೊಳಗೆ ಓರೆಯಾಗಿ ಬಿಟ್ಟರೆ ಸುಳಿಯಾಗಿ ಸುತ್ತಿ, ಒಂದು ತುದಿಯಿಂದ ಬಿಸಿಗಾಳಿ, ಇನ್ನೊಂದು ತುದಿಯಿಂದ ತಣ್ಣನೆಯ ಗಾಳಿ ಹೊರಬರುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಮರಳು ಚಿಮ್ಮಿಸಿ ಲೋಹ ತಿಕ್ಕುವವರ ಹೆಲ್ಮೆಟ್ಟಿಗೆ ಕಂಪ್ರೆಸರಿನಿಂದ ಗಾಳಿ ಬರುವ ಕಡೆ ಈ ಕೊಳವೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ತಿರುಪು ತಿರುಗಿಸಿ ತಂಪನ್ನು ಹೊಂದಿಸಿಕೊಳ್ಳುತ್ತಾರೆ. ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಂಥಲ್ಲಿ ಕಂಪ್ರೆಸರ್ ಅಪರೂಪದ ವಸ್ತುವೇನಲ್ಲ. ಉಸಿರಾಟಕ್ಕೆ ತಕ್ಕ ಶುದ್ಧೀಕರಣವೊಂದನ್ನು ಸೇರಿಸಿದರೆ, ಯಂತ್ರಕ್ಕೆ ಹೋಗುವ ಗಾಳಿ ಮನುಷ್ಯನಿಗೂ ಹೋಗಬಲ್ಲದು.

ಧೂಳಿನ ಪಾಠ ಕರ್ನಾಟಕಕ್ಕೆ ಹೊಸದಲ್ಲ. ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ಭಾರತದಲ್ಲಿ ಈ ರೋಗದ ಮೊದಲ ದೊಡ್ಡ ದಾಖಲೆ ನಮ್ಮ ನೆಲದ್ದೇ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ಕುರಿತು ಪ್ರತ್ಯೇಕ ನಿಯಮ ತಂದಿತ್ತು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತ ಕುಟುಂಬಗಳ ಗಂಡಸರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಸುಡುವ ಬಂಡೆಯ ನಡುವೆ ಕೆಲಸ ಮಾಡಿದರು. 2001ರಲ್ಲಿ ಗಣಿ ಮುಚ್ಚಿತು. ಅಷ್ಟು ಹಿಂದೆಯೇ ರೋಗವನ್ನು ಹೆಸರು ಹಿಡಿದು ಗುರುತಿಸಿದ ನಾಡು ಇವತ್ತು ತನ್ನ ಕಲ್ಲುಕೆಲಸಗಾರರ ಲೆಕ್ಕವನ್ನು ಸರಿಯಾಗಿ ಇಟ್ಟಿಲ್ಲ ಎಂಬುದು ನನಗೆ ನೋವಿನ ಸಂಗತಿ. ರಾಜಸ್ಥಾನ 2019ರಲ್ಲಿ ಇಂಥ ಧೂಳುರೋಗಗಳಿಗೇ ಒಂದು ನೀತಿ ರೂಪಿಸಿತು: ರೋಗ ಗುರುತಿಸುವ ವ್ಯವಸ್ಥೆ, ಪರಿಹಾರ, ಪಿಂಚಣಿ. ಅದು ಸಾಧ್ಯವಾದದ್ದು ಗಣಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿದ್ದರಿಂದ.

ಹೆಲ್ಮೆಟ್ಟಿನ ಬೆಲೆಯೇ ತೊಡಕು, ಒಪ್ಪುತ್ತೇನೆ. ಒಳ್ಳೆಯದೊಂದಕ್ಕೆ ಹತ್ತಾರು ಸಾವಿರ ರೂಪಾಯಿ. ದಿನಗೂಲಿಯವನು ಅದನ್ನು ಕೊಳ್ಳಲಾರ, ಅವನು ಕೊಳ್ಳಬೇಕಾಗಿಯೂ ಇಲ್ಲ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ಹಣ ಇವರದೇ. ಮಂಡಳಿ ಕಾರ್ಮಿಕರಿಗೆ ಟೂಲ್ ಕಿಟ್‌ಗಳನ್ನು ಹಂಚಿದ್ದನ್ನು ನೋಡಿದ್ದೇವೆ. ಒಂದೊಂದನ್ನೂ ಒಬ್ಬೊಬ್ಬರ ಕೈಗಿಟ್ಟು ಮರೆಯುವ ಬದಲು, ಕಲ್ಲುಕೆಲಸ ದಟ್ಟವಾಗಿರುವ ಊರುಗಳಲ್ಲಿ ಹೆಲ್ಮೆಟ್ ಕೇಂದ್ರಗಳನ್ನು ತೆರೆಯಲಿ: ಇಳಕಲ್, ಜಿಗಣಿ, ಕನಕಪುರ. ಬೆಳಿಗ್ಗೆ ಚಾರ್ಜ್ ಆದ ಬ್ಯಾಟರಿ, ತೊಳೆದ ಹೆಲ್ಮೆಟ್ಟು ತೆಗೆದುಕೊಂಡು ಹೋಗುವುದು, ಸಂಜೆ ತಂದಿಡುವುದು. ಫಿಲ್ಟರ್ ಬದಲಿಸುವ ಹೊಣೆ ಕೇಂದ್ರದ್ದು. ಫಿಲ್ಟರು ಕಟ್ಟಿಕೊಂಡ ಹೆಲ್ಮೆಟ್ಟು ಸುಳ್ಳು ಧೈರ್ಯ ಕೊಡುತ್ತದೆ, ಅದು ಟವೆಲ್ಲಿಗಿಂತಲೂ ಅಪಾಯ. ಹಾಗಾಗಿ ಕೊಳ್ಳುವ ದಿನದ ಹಣಕ್ಕಿಂತ ಮುಂದಿನ ಐದು ವರ್ಷಗಳ ಫಿಲ್ಟರಿನ ಹಣವನ್ನು ಟೆಂಡರಿನಲ್ಲಿ ಮೊದಲು ಬರೆಯಬೇಕು.

ಹೆಲ್ಮೆಟ್ ಬಂತೆಂದು ಮೋಡ ಏಳಿಸಲು ಪರವಾನಗಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಮೊದಲು ನೀರು. ಚಕ್ರಕ್ಕೆ ಸಣ್ಣ ಧಾರೆ ಬಿಟ್ಟು ಕೊಯ್ದರೆ ಧೂಳಿನ ಬಹುಪಾಲು ಅಲ್ಲೇ ಕೆಸರಾಗಿ ಕೂರುತ್ತದೆ. ನೆರೆಮನೆಯ ಮಗುವಿಗೂ, ಚಪ್ಪಡಿ ಹಿಡಿದುಕೊಳ್ಳುವ ಸಹಾಯಕನಿಗೂ ಅದೇ ರಕ್ಷಣೆ. ಅವರ ತಲೆಗೆ ಹೆಲ್ಮೆಟ್ಟು ಇರುವುದಿಲ್ಲವಲ್ಲ. ನೀರಿನ ನಂತರ ಉಳಿದ ಧೂಳಿಗೆ ಹೆಲ್ಮೆಟ್.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಫ್ಯಾನಿನ ಹೆಲ್ಮೆಟ್ಟು ಸುತ್ತಲಿನ ಗಾಳಿಯನ್ನು ಸೋಸುತ್ತದೆ, ಆಮ್ಲಜನಕವನ್ನು ತಯಾರಿಸುವುದಿಲ್ಲ. ಮ್ಯಾನ್‌ಹೋಲ್, ಮಲದ ಗುಂಡಿ, ಹಾಳುಬಾವಿಗಳಲ್ಲಿ ಅದನ್ನು ಹಾಕಿಕೊಂಡು ಇಳಿದವನು ಹಾಕದೆ ಇಳಿದವನಷ್ಟೇ ಬೇಗ ಸಾಯುತ್ತಾನೆ. ಮಲದ ಗುಂಡಿಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾನೂನು ಅಪರಾಧವೆಂದು ಸಾರಿದೆ. ‘ಹೆಲ್ಮೆಟ್ ಕೊಟ್ಟಿದ್ದೆವು’ ಎಂಬ ಉತ್ತರಕ್ಕೆ ಈ ಸಾಧನ ಎಂದೂ ನೆಪವಾಗಕೂಡದು.

ಮನೆ ಕಟ್ಟಿಸುವ ಓದುಗರು ಮಂಡಳಿಗಾಗಿ ಕಾಯಬೇಕಿಲ್ಲ. ಕಲ್ಲಿನ ಕೆಲಸಕ್ಕೆ ಮೇಸ್ತ್ರಿಯೊಂದಿಗೆ ಮಾತಾಡುವಾಗ ಎರಡು ಷರತ್ತು ಹಾಕಬಹುದು. ಆದಷ್ಟು ಕೊಯ್ಯುವುದನ್ನು ನೀರಿನ ಯಂತ್ರವಿರುವ ಅಂಗಡಿಯಲ್ಲೇ ಮುಗಿಸಿ ತರಬೇಕು. ಮನೆಯಲ್ಲಿ ಉಳಿದ ಕೊಯ್ತಕ್ಕೆ ನೀರಿನ ಕೊಳವೆ ಇರುವ ಕಟರ್ ಬೇಕು, ನಲ್ಲಿ ಮತ್ತು ಬಕೆಟ್ಟು ಕೊಡುವುದು ಮನೆಯವರ ಕೆಲಸ. ಕೆಸರು ತೊಳೆಯುವ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಒಣ ಕೊಯ್ತ ಇಷ್ಟು ಹಬ್ಬಿರುವುದಕ್ಕೆ ಒಂದು ದೊಡ್ಡ ಕಾರಣ, ಆ ಕೆಸರನ್ನು ತೊಳೆಯಲು ಯಾರೂ ಹಣ ಕೊಡದಿರುವುದು.